ಸ್ಪೋರ್ಟ್ಸ್ ಬಾರ್‌ಗೆ ಹೋದರೆ ಮೊದಲು ಕೇಳಬೇಕಾದ್ದು: ಯಾವ ಎಣ್ಣೆಯಲ್ಲಿ ಕರೀತೀರಿ?

ಪ್ರಶ್ನೆ: ನಾನು ದಾವಣಗೆರೆಯವನು. ಅಮೆರಿಕದ ಒಹಾಯೋದಲ್ಲಿರುವ ಕೊಲಂಬಸ್‌ಗೆ ಕೆಲಸಕ್ಕೆ ಬಂದು ಮೂರು ತಿಂಗಳಾಯಿತು. ಬರುವ ಭಾನುವಾರ ಟೀಮಿನವರೆಲ್ಲ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ನೋಡಲು ಬಫಲೋ ವೈಲ್ಡ್ ವಿಂಗ್ಸ್ ಅನ್ನುವ, ವಿಂಗ್ಸ್ (ಕರಿದ ಕೋಳಿ ರೆಕ್ಕೆ) ಮಾರುವ ಸ್ಪೋರ್ಟ್ಸ್ ಬಾರ್‌ಗೆ ಹೋಗುತ್ತಿದ್ದಾರೆ. ನನ್ನನ್ನೂ ಕರೆದಿದ್ದಾರೆ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಜೊತೆಗೆ ಬರುವ ರೂಮ್‌ಮೇಟ್ ಮಂಡ್ಯದವನು. ಕೋಳಿ ತಿನ್ನುತ್ತಾನೆ, ದನದ ಮಾಂಸ ಮುಟ್ಟುವುದಿಲ್ಲ. ನಾವು ಅಲ್ಲಿ ಏನು ತಿನ್ನಬಹುದು? ನಾನಂತೂ ಫ್ರೆಂಚ್ ಫ್ರೈಸ್ ತಿಂದು ಸುಮ್ಮನಿರೋಣ ಅಂದುಕೊಂಡಿದ್ದೇನೆ. ಟಿಪ್ ಎಷ್ಟು ಕೊಡಬೇಕು? ಆ ಆಟವೂ ಗೊತ್ತಿಲ್ಲ. ಹೋಗದೇ ಇರುವುದೇ ವಾಸಿಯಾ?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಫ್ರೆಂಚ್ ಫ್ರೈಸ್ ಮಾತ್ರ ತಿನ್ನಬೇಡಿ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಬಫಲೋ ವೈಲ್ಡ್ ವಿಂಗ್ಸ್‌ನಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಇಲ್ಲಿನವರು ಅದಕ್ಕೆ ಬೀಫ್ ಟ್ಯಾಲೋ ಅನ್ನುತ್ತಾರೆ, ಕೆಲವೊಮ್ಮೆ ಬೀಫ್ ಶಾರ್ಟ್ನಿಂಗ್ ಅಂತಲೂ ಬರೆದಿರುತ್ತಾರೆ. ಇದೇನು ಗುಟ್ಟಲ್ಲ, ಕಂಪನಿಯೇ ಹೇಳುವ ವಿಷಯ. ಆಲೂಗಡ್ಡೆ, ಈರುಳ್ಳಿ ರಿಂಗ್ಸ್, ಮೊಝರೆಲ್ಲಾ ಸ್ಟಿಕ್ಸ್, ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿಯ ಹೋಳು, ಹೂಕೋಸು, ಯಾವುದನ್ನೇ ಕರಿದರೂ ಅದೇ ಕೊಬ್ಬು. ಮೆನುವಿನಲ್ಲಿ 'ಕಾಲಿಫ್ಲವರ್ ವಿಂಗ್ಸ್' ಅಂತ ಕಂಡರೆ ನಮ್ಮವರಿಗೆ ಗೋಬಿ ಮಂಚೂರಿ ಸಿಕ್ಕಿದಷ್ಟು ಖುಷಿಯಾಗುತ್ತದೆ. ದಯವಿಟ್ಟು ಆ ಹೆಸರನ್ನು ನಂಬಬೇಡಿ.

ನಾನು ಇದನ್ನು ಕಲಿತದ್ದು ಕಣ್ಣಾರೆ ಕಂಡು. ಹೊಟೇಲ್ ಮ್ಯಾನೇಜ್‌ಮೆಂಟ್ ಓದಿ ಇಲ್ಲಿಗೆ ಬಂದೆ, ಇಂಥ ಅಡುಗೆಮನೆಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಮೊದಲು ಸೇರಿದ್ದು ಒಂದು ಸಣ್ಣ ಸ್ಪೋರ್ಟ್ಸ್ ಬಾರ್‌ಗೆ. ಐದನೇ ದಿನ ಫ್ರೈಯರ್ ತೊಳೆದು ಹೊಸದಾಗಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. 50 ಪೌಂಡ್ ತೂಕದ ರಟ್ಟಿನ ಪೆಟ್ಟಿಗೆ. ಒಳಗಿನ ಪ್ಲಾಸ್ಟಿಕ್ ಚೀಲ ಸೀಳಿದರೆ ಡಾಲ್ಡಾ ಥರ ಬೆಳ್ಳಗೆ, ಗಟ್ಟಿಯಾಗಿ ಒಂದೇ ದಿಮ್ಮಿ. ಚಾಕುವಿನಿಂದ ತುಂಡು ಮಾಡಿ ಫ್ರೈಯರ್‌ಗೆ ಹಾಕುತ್ತಿದ್ದೆ. ಕರಗುವಾಗ ಬಂದ ವಾಸನೆ ಎಣ್ಣೆಯದ್ದಲ್ಲ. ಪೆಟ್ಟಿಗೆ ತಿರುಗಿಸಿ ಓದಿದೆ. ಹಿಂದಿನ ನಾಲ್ಕು ದಿನವೂ ನನ್ನ ಮಧ್ಯಾಹ್ನದ ಊಟ ಆ ಫ್ರೈಯರ್‌ನ ಆಲೂಗಡ್ಡೆಯೇ ಆಗಿತ್ತು. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ, ನಾನೇ ಕೇಳಿರಲಿಲ್ಲ. ಕುಂದಾಪುರದಲ್ಲಿರುವ ಅಮ್ಮನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಫ್ರೆಂಚ್ ಫ್ರೈಸ್ ಅನ್ನೋ ಪದ ಕಂಡ ಕೂಡಲೇ ಉತ್ತರ ಬರೆಯಲು ಕೂತದ್ದು ಅದಕ್ಕೇ.

ಅವರು ದನದ ಕೊಬ್ಬನ್ನು ಬಳಸುವುದಕ್ಕೆ ಕಾರಣ ಇದೆ. ಅದು ಬೇಗ ಕೆಡುವುದಿಲ್ಲ. ದಿನವಿಡೀ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತಿದ್ದರೂ ಹೆಚ್ಚು ದಿನ ತಾಳುತ್ತದೆ. ಕರಿದದ್ದು ಗರಿಗರಿಯಾಗಿ ಬರುತ್ತದೆ, ರುಚಿಯೂ ಹತ್ತುತ್ತದೆ. ಮೆಕ್‌ಡೊನಾಲ್ಡ್ಸ್‌ನವರು ಕೂಡ 1990ರವರೆಗೆ ಅಮೆರಿಕದಲ್ಲಿ ಫ್ರೈಸ್ ಕರಿಯುತ್ತಿದ್ದದ್ದು ದನದ ಕೊಬ್ಬು ಸೇರಿದ ಮಿಶ್ರಣದಲ್ಲೇ. ಆಮೇಲೆ ಸಸ್ಯದ ಎಣ್ಣೆಗೆ ಬಂದರು, ಆದರೆ ರುಚಿಗೆ ದನದ ಮಾಂಸದಿಂದ ತೆಗೆದ ಫ್ಲೇವರ್ ಸೇರಿಸುತ್ತಿದ್ದರು. 2001ರಲ್ಲಿ ಸಿಯಾಟಲ್‌ನಲ್ಲಿ ಹಿಂದೂಗಳು ಮತ್ತು ಸಸ್ಯಾಹಾರಿಗಳು ಸೇರಿ ಕೇಸು ಹಾಕಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿತು, ಸಸ್ಯಾಹಾರಿ ಮತ್ತು ಹಿಂದೂ ಸಂಘಟನೆಗಳೂ ಸೇರಿದಂತೆ ಹಲವರಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಇಷ್ಟೆಲ್ಲ ಆದರೂ ನಮ್ಮೂರಿನ ಹಾಗೆ ಹಸಿರು ಚುಕ್ಕೆಯ ಕಾನೂನು ಇಲ್ಲಿ ಬಂದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಇಂಥ ರೆಸ್ಟೋರೆಂಟ್‌ಗಳ ವೆಬ್‌ಸೈಟಿನಲ್ಲಿ ಅಲರ್ಜಿ ಪಟ್ಟಿ ಸಿಗುತ್ತದೆ. ಅದನ್ನು ನೋಡಿ ನೀವು ನಿಶ್ಚಿಂತೆಯಾಗಿಬಿಡಬಹುದು. ಆದರೆ ಇಲ್ಲಿನ ಕಾನೂನು ಗುರುತಿಸಿರುವ ಮುಖ್ಯ ಅಲರ್ಜಿಗಳು ಒಂಬತ್ತು: ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಗೋಡಂಬಿ ಬಾದಾಮಿಯಂಥವು, ಕಡಲೆಕಾಯಿ, ಗೋಧಿ, ಸೋಯಾ, ಎಳ್ಳು. ದನದ ಮಾಂಸ ಅದರಲ್ಲಿಲ್ಲ. ಹಾಗಾಗಿ ಫ್ರೈಸ್‌ನ ಸಾಲಿನಲ್ಲಿ ಒಂದು ಗುರುತೂ ಕಾಣದೇ ಹೋಗಬಹುದು. ಮೊಟ್ಟೆ ಹುಡುಕಲು ಆ ಪಟ್ಟಿ ಒಳ್ಳೇದು, ಕೊಬ್ಬು ಹುಡುಕಲು ಸಾಲದು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಫ್ರೈಯರ್ ಬಗ್ಗೆ ಏನು ಬರೆದಿದ್ದಾರೆ ಅದನ್ನು ಓದಿ, ಇಲ್ಲವೇ ಬಾಯಿಬಿಟ್ಟು ಕೇಳಿ.

ಕೇಳಲು ಸಂಕೋಚ ಬೇಡ. ಇಲ್ಲಿ ಒಂದು ಜಾತಿಯ ಉಣ್ಣಿ ಕಚ್ಚಿದವರಲ್ಲಿ ಕೆಲವರಿಗೆ ದನ, ಹಂದಿಯ ಮಾಂಸವೇ ಅಲರ್ಜಿಯಾಗಿಬಿಡುತ್ತದೆ. ಆಲ್ಫಾ-ಗ್ಯಾಲ್ ಅಂತ ಅದರ ಹೆಸರು. ಹುಟ್ಟಾ ಅಮೆರಿಕನ್ನರೇ ಬಂದು 'ಯಾವುದರಲ್ಲಿ ಕರೀತೀರಿ?' ಅಂತ ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಮ್ಮೂರಲ್ಲಿ ಸಪ್ಲೈಯರ್ ಅನ್ನುವವರನ್ನು ಇಲ್ಲಿ ಸರ್ವರ್ ಅನ್ನುತ್ತಾರೆ. ಅವರು ಮೇಜಿಗೆ ಬಂದು ತಮ್ಮ ಹೆಸರು ಹೇಳಿದ ಕೂಡಲೇ ಮೂರು ಪ್ರಶ್ನೆ ಕೇಳಿಬಿಡಿ. ಫ್ರೈಯರ್‌ನಲ್ಲಿರುವುದು ಬೀಫ್ ಟ್ಯಾಲೋನಾ? ಇದು ಓವನ್‌ನಿಂದ ಬರುತ್ತಾ, ಫ್ರೈಯರ್‌ನಿಂದಾ? ಇದರಲ್ಲಿ ಮೊಟ್ಟೆ ಇದೆಯಾ? 'ವೆಜಿಟೇರಿಯನ್ ಏನಿದೆ?' ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಪಾಪ ಅವರು ಒಳ್ಳೇ ಮನಸ್ಸಿನಿಂದ ಫ್ರೈಸ್ ಅಂತಲೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಆಲೂಗಡ್ಡೆ ತರಕಾರಿ ಅಲ್ವಾ!

ಹಾಗಾದರೆ ತಿನ್ನುವುದೇನು? ನಿಜ ಹೇಳಬೇಕೆಂದರೆ ನಿಮಗೆ ಅಲ್ಲಿ ಹೊಟ್ಟೆ ತುಂಬುವುದು ಕಷ್ಟ. ಸಲಾಡ್ ಸಿಗುತ್ತದೆ. ಬೇಕನ್ (ಹಂದಿ ಮಾಂಸ), ಚಿಕನ್ ಬೇಡ ಅಂತ ಮೊದಲೇ ಹೇಳಿ, ಮೇಲೆ ಹಾಕುವ ಡ್ರೆಸಿಂಗ್ ಪಕ್ಕದಲ್ಲಿ ಕೊಡಿ ಅನ್ನಿ. ರ‍್ಯಾಂಚ್ ಡ್ರೆಸಿಂಗ್ ಮಜ್ಜಿಗೆಯ ಹುಳಿ ಇರುವ ರುಚಿಯಾದ ಪದಾರ್ಥ, ಆದರೆ ಅದರಲ್ಲಿ ಮೊಟ್ಟೆ ಇರುವುದೇ ಜಾಸ್ತಿ. ಸೀಸರ್ ಡ್ರೆಸಿಂಗ್‌ನಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ಎಣ್ಣೆ ಮತ್ತು ವಿನಿಗರ್ ಸೇರಿಸಿದ ವಿನೆಗ್ರೆಟ್ ನಿಮಗೆ ಸರಿ. ಕೋಲ್‌ಸ್ಲಾ ಅಂದರೆ ಎಲೆಕೋಸಿನ ಕೋಸಂಬರಿಯಂತೆ ಕಾಣುತ್ತದೆ, ಆದರೆ ಮೊಟ್ಟೆ ಹಾಕಿದ ಮೇಯನೇಸ್‌ನಿಂದಾಗಿ ಅದೂ ಆಗಲ್ಲ. ಬ್ಲ್ಯಾಕ್ ಬೀನ್ಸ್ ಅನ್ನುವ ಕಪ್ಪು ಕಾಳಿನ ಪ್ಯಾಟಿ (ಬರ್ಗರ್ ಒಳಗಿಡುವ ಬಿಲ್ಲೆ) ಇದ್ದರೆ ಅದು ಒಡೆಯದ ಹಾಗೆ ಮೊಟ್ಟೆಯ ಬಿಳಿ ಹಾಕಿರಬಹುದು, ಬೇಯಿಸುವುದೂ ಬರ್ಗರ್ ಬೇಯುವ ಕಾವಲಿಯ ಮೇಲೇ. ಟಾರ್ಟಿಯಾ ಚಿಪ್ಸ್ (ಮೆಕ್ಕೆಜೋಳದ ಚಿಪ್ಸ್) ಅಲ್ಲೇ ಕರಿದದ್ದಾದರೆ ಅದೇ ಕೊಬ್ಬು. ಪ್ರೆಟ್ಜೆಲ್ ಅನ್ನುವ ಗಂಟಿನಾಕಾರದ ಬ್ರೆಡ್ ಬಗ್ಗೆ ಓವನ್ನಾ ಫ್ರೈಯರ್ರಾ ಅಂತ ಕೇಳಲೇಬೇಕು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದು ಸಲಾಡ್, ಸೆಲರಿ, ಕ್ಯಾರೆಟ್ ಮತ್ತು ಟೊಮೆಟೊ ಚಟ್ನಿಯಂಥ ಸಾಲ್ಸಾ.

ಅದಕ್ಕೇ ನನ್ನ ಸಲಹೆ, ಮನೆಯಲ್ಲೇ ಉಂಡು ಹೋಗಿ. ಮೊಸರನ್ನ, ಉಪ್ಪಿನಕಾಯಿ, ಅಷ್ಟು ಸಾಕು. ಅಲ್ಲಿ ಹೋಗಿ ಒಂದು ಸಲಾಡ್, ಒಂದು ಲೆಮನೇಡ್ ತರಿಸಿಕೊಂಡು ಆರಾಮಾಗಿ ಕೂರಿ. ಹಸಿದ ಹೊಟ್ಟೆಯಲ್ಲಿ ಹೋದರೆ ಎರಡನೇ ಗಂಟೆಗೆ ಮುಂದೆ ಬಿಸಿ ಬಿಸಿ ಫ್ರೈಸ್ ಬುಟ್ಟಿ ಇರುತ್ತದೆ, ಎಲ್ಲರೂ 'ತಗೋ, ತಗೋ' ಅನ್ನುತ್ತಿರುತ್ತಾರೆ. ಆಗ ಬೇಡ ಅನ್ನುವುದು ಕಷ್ಟ.

ನಿಮ್ಮ ರೂಮ್‌ಮೇಟ್‌ಗೆ ಈ ವಿಷಯ ನಿಮಗಿಂತ ಮುಖ್ಯ. ಕೋಳಿ ತಿಂದು ದನದ ಮಾಂಸ ಬಿಟ್ಟವರು ಇಲ್ಲಿ ಧೈರ್ಯವಾಗಿ ವಿಂಗ್ಸ್ ತಿನ್ನುತ್ತಾರೆ, ಯಾಕೆಂದರೆ ಅದು ಕೋಳಿ ತಾನೇ. ಆದರೆ ಆ ಕೋಳಿ ಕರಿದದ್ದೇ ದನದ ಕೊಬ್ಬಿನಲ್ಲಿ. ಅವರಿಗೆ ಗ್ರಿಲ್ ಮಾಡಿದ ಚಿಕನ್ ಇದೆ. ಅದೇ ಕಾವಲಿಯ ಮೇಲೆ ಬೀಫ್ ಬರ್ಗರ್ ಕೂಡ ಬೇಯುತ್ತದೆ, ಅದು ಬೇಡವಾದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡಲು ಆಗುತ್ತಾ ಅಂತ ಕೇಳಬೇಕು. ಜನಜಂಗುಳಿಯ ಭಾನುವಾರ ಆಗಲ್ಲ ಅಂದರೂ ಅನ್ನಬಹುದು. ಬೇರೆ ದಿನ ನಿಜವಾದ ವಿಂಗ್ಸ್ ತಿನ್ನಬೇಕೆನಿಸಿದರೆ ಸೋಯಾ ಅಥವಾ ಕನೋಲಾ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋದರಾಯಿತು.

ಈ ವಿಂಗ್ಸ್ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ನೀವು ಕೂತಿರುವ ಊರಿಗೂ ಅದಕ್ಕೂ ನಂಟಿದೆ. ಬಫಲೋ ಅಂದರೆ ಎಮ್ಮೆ ಅಲ್ಲ, ನ್ಯೂಯಾರ್ಕ್ ರಾಜ್ಯದ ಒಂದು ಊರು. ಅಲ್ಲಿನ ಆ್ಯಂಕರ್ ಬಾರ್‌ನಲ್ಲಿ 1964ರಲ್ಲಿ ಟೆರೆಸಾ ಬೆಲಿಸಿಮೋ ಅನ್ನುವವರು ಕೋಳಿಯ ರೆಕ್ಕೆ ಕರಿದು, ಖಾರದ ಸಾಸ್‌ನಲ್ಲಿ ಹೊರಳಿಸಿ, ಸೆಲರಿ ಮತ್ತು ಬ್ಲೂ ಚೀಸ್ ಜೊತೆ ಕೊಟ್ಟರಂತೆ. ಅಲ್ಲಿಂದ ಈ ತಿಂಡಿ ಹಬ್ಬಿತು. ಆ ಊರಿನ ರುಚಿ ಹತ್ತಿದ್ದ ಜಿಮ್ ಡಿಸ್‌ಬ್ರೋ ಒಹಾಯೋಗೆ ಬಂದು ಗೆಳೆಯ ಸ್ಕಾಟ್ ಲೋರಿ ಜೊತೆ ವಿಂಗ್ಸ್ ಹುಡುಕಿದರು, ಎಲ್ಲೂ ಸಿಗಲಿಲ್ಲ. 1982ರಲ್ಲಿ ತಾವೇ ಅಂಗಡಿ ತೆರೆದರು. ಎಲ್ಲಿ ಗೊತ್ತಾ? ನಿಮ್ಮ ಕೊಲಂಬಸ್‌ನಲ್ಲೇ, ಒಹಾಯೋ ಸ್ಟೇಟ್ ಯೂನಿವರ್ಸಿಟಿ ಹತ್ತಿರ. ಹೆಸರು ಬಫಲೋ ವೈಲ್ಡ್ ವಿಂಗ್ಸ್ ಅಂಡ್ ವೆಕ್. ವೆಕ್ ಅಂದರೆ ಮೇಲೆ ಉಪ್ಪಿನ ಹರಳು ಮತ್ತು ಶಾಜೀರಿಗೆಯಂಥ ಕಾಳು ಉದುರಿಸಿದ ಬನ್ನು. ಆ ಬನ್ನು ಆಮೇಲೆ ಹೆಸರಿನಿಂದ ಹೋಯಿತು, ಆದರೆ ಹಳೇ ಕೊಲಂಬಸ್ ಜನ ಈಗಲೂ ಬಿ-ಡಬ್ಲ್ಯೂ-ತ್ರೀ (ಒಂದು ಬಿ, ಮೂರು ಡಬ್ಲ್ಯೂ) ಅನ್ನುತ್ತಾರೆ, ಹುಡುಗರು ಬಿ-ಡಬ್ಸ್ ಅನ್ನುತ್ತಾರೆ. ಇವತ್ತು ಸಾವಿರಕ್ಕೂ ಜಾಸ್ತಿ ಶಾಖೆ. ಟೀಮಿನವರಿಗೆ ಈ ಬನ್ನಿನ ಕಥೆ ಹೇಳಿ ನೋಡಿ, ಊರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಮೊದಲೆಲ್ಲ ರೆಕ್ಕೆ ಅಗ್ಗದ ತುಂಡು, ಸೂಪಿಗೆ ಹಾಕುವುದಕ್ಕಷ್ಟೇ. ಈಗ ಸೂಪರ್ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಫೈನಲ್ ಸಮಯದಲ್ಲಿ ಅಮೆರಿಕನ್ನರು ತಿನ್ನುವ ರೆಕ್ಕೆಗಳ ಸಂಖ್ಯೆ 140 ಕೋಟಿ ದಾಟುತ್ತದೆ ಅಂತ ಕೋಳಿ ಉದ್ಯಮದವರ ಅಂದಾಜು. ಮೆನುವಿನಲ್ಲಿ ಎರಡು ಬಗೆ ಇರುತ್ತದೆ. ಟ್ರೆಡಿಷನಲ್ ಅಂದರೆ ಮೂಳೆ ಸಮೇತ ಇರುವ ನಿಜವಾದ ರೆಕ್ಕೆ. ಬೋನ್‌ಲೆಸ್ ಅಂದರೆ ರೆಕ್ಕೆಯೇ ಅಲ್ಲ, ಎದೆ ಮಾಂಸದ ತುಂಡಿಗೆ ಹಿಟ್ಟು ಹಚ್ಚಿ ಕರಿದದ್ದು. ಅದೂ ಎಚ್ಚರದಿಂದ ತಿನ್ನಬೇಕು. ಒಹಾಯೋದ ಒಂದು ಹೊಟೇಲಿನಲ್ಲಿ ಬೋನ್‌ಲೆಸ್ ತಿಂದವರ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡು ಕೇಸಾಯಿತು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3ರ ಬಹುಮತದಿಂದ ತೀರ್ಪು ಕೊಟ್ಟಿತು: ಬೋನ್‌ಲೆಸ್ ಅನ್ನುವುದು ಅಡುಗೆಯ ಶೈಲಿ, ಮೂಳೆ ಇರುವುದೇ ಇಲ್ಲ ಅನ್ನುವ ಭರವಸೆ ಅಲ್ಲ. ಮೆನುವಿನ ಹೆಸರನ್ನು ನಂಬಬೇಡಿ ಅಂತ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಸಾಸ್ ವಿಷಯಕ್ಕೆ ಬಂದರೆ, ಅಡುಗೆಮನೆಯಲ್ಲಿ ಇದನ್ನು ನೋಡುವುದೇ ಚೆಂದ. ಸ್ಟೀಲ್ ಬೋಗುಣಿಗೆ ಬಿಸಿ ರೆಕ್ಕೆ ಹಾಕಿ, ಒಂದು ಸೌಟು ಸಾಸ್ ಸುರಿದು, ಬೋಗುಣಿಯನ್ನು ಮಣಿಕಟ್ಟಿನಿಂದಲೇ ಚಿಮ್ಮಿಸುತ್ತಾರೆ. ನಮ್ಮಲ್ಲಿ ಮೊರದಲ್ಲಿ ಅಕ್ಕಿ ಕೇರುವ ಹಾಗೆ. ಮೂರು ನಾಲ್ಕು ಸಲ ಎಗರಿದರೆ ಎಲ್ಲದಕ್ಕೂ ಸಾಸ್ ಸಮನಾಗಿ ಹತ್ತುತ್ತದೆ. ಗ್ರಿಲ್ ಮಾಡಿದ ಚಿಕನ್‌ಗೂ ಸಾಸ್ ಕೇಳಿದರೆ ಕೊಡುತ್ತಾರೆ, ಪಕ್ಕದಲ್ಲಿ ಪುಟ್ಟ ಕಪ್ಪಿನಲ್ಲಿ ತರಿಸಿಕೊಳ್ಳುವುದು ಒಳ್ಳೇದು. ಬಫಲೋ ಸಾಸ್ ಅಂದರೆ ಮೂಲದಲ್ಲಿ ಮೆಣಸಿನಕಾಯಿ, ವಿನಿಗರ್, ಬೆಣ್ಣೆ. ಮೀಡಿಯಂ, ಹಾಟ್ ಅಂದರೂ ನಮ್ಮ ನಾಲಿಗೆಗೆ ಮೊದಲು ಗೊತ್ತಾಗುವುದು ಹುಳಿ. ಅದನ್ನು ನೋಡಿ ಇಷ್ಟೇನಾ ಅಂತ ಅತಿ ಖಾರದ ಬ್ಲೇಝಿನ್ ತರಿಸಿಕೊಳ್ಳಬೇಡಿ. ಅದರಲ್ಲಿರುವುದು ಕೆರೊಲಿನಾ ರೀಪರ್ ಮೆಣಸು. ಅದರ ಮುಂದೆ ಬ್ಯಾಡಗಿ ಏನೂ ಅಲ್ಲ, ಗುಂಟೂರು ಕೂಡ ಲೆಕ್ಕಕ್ಕಿಲ್ಲ. ಮ್ಯಾಂಗೋ ಹ್ಯಾಬನೆರೋ ಅನ್ನುವ ಸಾಸ್ ಮೊದಲು ಮಾವಿನ ಸಿಹಿ, ಆಮೇಲೆ ಕಿವಿಯವರೆಗೆ ಉರಿ. ಖಾರ ಹತ್ತಿದರೆ ನೀರು ಕುಡಿಯಬೇಡಿ, ಹಾಲು ಕೇಳಿ.

ಟಿಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಊರಲ್ಲಿ ಸಪ್ಲೈಯರ್‌ಗೆ ಹತ್ತು ಇಪ್ಪತ್ತು ರೂಪಾಯಿ ಕೊಡುವುದು ಖುಷಿಗೆ. ಇಲ್ಲಿ ಟಿಪ್ ಅಂದರೆ ಅವರ ಸಂಬಳ. ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನಲ್ಲಿ ಟಿಪ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಒಹಾಯೋದಲ್ಲಿ ಸ್ವಲ್ಪ ಪರವಾಗಿಲ್ಲ, ರಾಜ್ಯದ ಕನಿಷ್ಠ ಕೂಲಿಯ ಅರ್ಧ. 2025ರಲ್ಲಿ ಆ ಅರ್ಧ 5.35 ಡಾಲರ್ ಇತ್ತು. ಟಿಪ್ ಸೇರಿಸಿಯೂ ಪೂರ್ತಿ ಕನಿಷ್ಠ ಕೂಲಿ ಮುಟ್ಟದಿದ್ದರೆ ಮಾಲೀಕರು ತುಂಬಿಕೊಡಬೇಕು ಅಂತ ಕಾನೂನಿದೆ. ಆದರೆ ಸರ್ವರ್‌ಗಳ ಮನೆ ಬಾಡಿಗೆ ನಡೆಯುವುದು ಮೇಜಿನ ಮೇಲೆ ಬಿಟ್ಟು ಹೋಗುವ ಹಣದಿಂದಲೇ.

ಸಾಮಾನ್ಯವಾಗಿ ಬಿಲ್ಲಿನ ಮೇಲೆ 18ರಿಂದ 20 ಶೇಕಡಾ. ಮ್ಯಾಚ್ ದಿನ ನಾನು ಇದಕ್ಕೂ ಜಾಸ್ತಿ ಕೊಡಿ ಅನ್ನುತ್ತೇನೆ. ಲೆಕ್ಕ ನೋಡಿ. ಬೇರೆ ದಿನ ಒಂದು ಮೇಜಿಗೆ ನಾಲ್ಕು ಗಂಟೆಯಲ್ಲಿ ಮೂರು ಗುಂಪು ಬಂದು ಹೋಗುತ್ತದೆ, ಮೂರು ಟಿಪ್ ಬೀಳುತ್ತದೆ. ಭಾನುವಾರ ನೀವೊಂದೇ ಗುಂಪು ಆ ನಾಲ್ಕು ಗಂಟೆ ಕೂತಿರುತ್ತೀರಿ. ನೀವು ಬರೀ ಸಲಾಡ್ ಮತ್ತು ಲೆಮನೇಡ್ ತಗೊಂಡು 14 ಡಾಲರ್ ಬಿಲ್ ಮಾಡಿದರೆ 20 ಶೇಕಡಾ ಅಂದರೆ 2.80. ನಾಲ್ಕು ಗಂಟೆ ನಿಮ್ಮ ಗ್ಲಾಸು ತುಂಬಿಸುತ್ತಾ ಓಡಾಡಿದವರಿಗೆ ಅದು ಸಾಲದು. ನಾನಾದರೆ 6 ಡಾಲರ್ ಬರೆಯುತ್ತೇನೆ.

ಬರೆಯುವುದು ಅಂದೆನಲ್ಲ, ಅದೂ ನಿಮಗೆ ಹೊಸದಿರಬಹುದು. ಬಿಲ್ಲಿಗೆ ಇಲ್ಲಿ ಚೆಕ್ ಅನ್ನುತ್ತಾರೆ. ಕೂತ ಕೂಡಲೇ 'ಸೆಪರೇಟ್ ಚೆಕ್ಸ್ ಪ್ಲೀಸ್' ಅಂತ ಹೇಳಿಬಿಡಿ, ಆಗ ಬೇರೆಯವರ ಬಿಯರ್ ನಿಮ್ಮ ತಲೆಗೆ ಬರುವುದಿಲ್ಲ. ಕೊನೆಯಲ್ಲಿ ಸರ್ವರ್ ನಿಮ್ಮ ಕಾರ್ಡ್ ತಗೊಂಡು ಒಳಗೆ ಹೋಗಬಹುದು. ಒಟಿಪಿ ಇಲ್ಲ, ಪಿನ್ ಇಲ್ಲ. ಗಾಬರಿ ಬೇಡ, ಅದು ಇಲ್ಲಿನ ರೂಢಿ. ಎರಡು ಚೀಟಿ ವಾಪಸ್ ಬರುತ್ತವೆ. ಒಂದರಲ್ಲಿ ಟಿಪ್ ಅನ್ನುವ ಗೆರೆಯ ಮೇಲೆ ಮೊತ್ತ ಬರೆದು, ಕೂಡಿಸಿ ಟೋಟಲ್ ಬರೆದು, ಸಹಿ ಹಾಕಿ ಮೇಜಿನ ಮೇಲೆ ಬಿಡಿ. ಇನ್ನೊಂದು ನಿಮ್ಮದು. ಕೆಲವು ಕಡೆ ಮೇಜಿನ ಮೇಲೇ ಟ್ಯಾಬ್ಲೆಟ್ ಇರುತ್ತದೆ, ಅದರಲ್ಲೇ ಎಲ್ಲ ಮುಗಿಯುತ್ತದೆ.

ಕುಡಿಯದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, 'ಐ ಆ್ಯಮ್ ಡ್ರೈವಿಂಗ್' ಅಂದರೆ ಮುಗಿಯಿತು. ಸೋಡಾಗೆ (ಇಲ್ಲಿ ಕೋಲಾದಂಥ ತಂಪು ಪಾನೀಯಕ್ಕೆ ಹಾಗನ್ನುತ್ತಾರೆ) ಒಂದೇ ಸಲ ದುಡ್ಡು, ಮತ್ತೆ ಮತ್ತೆ ತುಂಬಿಸಿಕೊಡುತ್ತಾರೆ. ನೀರು ಬಿಟ್ಟಿ, ಆದರೆ ಐಸ್ ತುಂಬಿರುತ್ತದೆ. ಬೇಡವಾದರೆ 'ನೋ ಐಸ್' ಅನ್ನಿ.

ಆಟಕ್ಕೆ ಹೆದರಬೇಡಿ. ಇಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು: ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದಾದ ಮೇಲೆ ಒದ್ದು ಕಂಬಗಳ ನಡುವೆ ಕಳಿಸಿದರೆ ಇನ್ನೊಂದು. ದೂರದಿಂದ ಒದ್ದು ಗೋಲ್ ಮಾಡಿದರೆ 3. ಪರದೆಯ ಮೇಲೆ ಹಳದಿ ಗೆರೆ ಕಾಣುತ್ತದಲ್ಲ, ಆ 10 ಗಜ ಎಲ್ಲಿಗೆ ಅಂತ ತೋರಿಸುವುದು ಅದೇ. ಅದನ್ನೇ ನೋಡುತ್ತಿರಿ, ಅರ್ಧ ಗಂಟೆಯಲ್ಲಿ ಎಲ್ಲರ ಜೊತೆ ನೀವೂ ಎದ್ದು ನಿಲ್ಲುತ್ತೀರಿ. ಕೊಲಂಬಸ್‌ಗೆ ಎನ್‌ಎಫ್‌ಎಲ್‌ನಲ್ಲಿ, ಅಂದರೆ ದೇಶದ ದೊಡ್ಡ ಫುಟ್‌ಬಾಲ್ ಲೀಗ್‌ನಲ್ಲಿ, ತನ್ನದೇ ತಂಡ ಇಲ್ಲ. ಅರ್ಧ ಜನ ಕ್ಲೀವ್‌ಲ್ಯಾಂಡ್ ಬ್ರೌನ್ಸ್, ಅರ್ಧ ಸಿನ್‌ಸಿನಾಟಿ ಬೆಂಗಾಲ್ಸ್. ಟೀಮಿನಲ್ಲಿ ಯಾರು ಯಾವ ಕಡೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಯಾರಾದರೂ 'ಓ-ಎಚ್' ಅಂತ ಕೂಗಿದರೆ 'ಐ-ಓ' ಅಂತ ಕೂಗಬೇಕು, ಅದು ಊರಿನ ಯೂನಿವರ್ಸಿಟಿ ತಂಡದ ಘೋಷಣೆ.

ನೀವೂ ಮಾತಾಡುವ ವಿಷಯ ತಗೊಂಡು ಹೋಗಿ. 2024ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯದಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಅವತ್ತು ಮೂರು ವಿಕೆಟ್ ತೆಗೆದ ನೋಸ್ತುಶ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನ ನಂಟಿನ ಹುಡುಗ. ತಮ್ಮ ದೇಶ ಕ್ರಿಕೆಟ್‌ನಲ್ಲಿ ಗೆದ್ದದ್ದೇ ಎಷ್ಟೋ ಅಮೆರಿಕನ್ನರಿಗೆ ಗೊತ್ತಿಲ್ಲ. ಹೇಳಿದರೆ ಕಿವಿಗೊಟ್ಟು ಕೇಳುತ್ತಾರೆ.

ಕೊನೆಯದಾಗಿ ಸಮಯ. ಭಾನುವಾರದ ಮೊದಲ ಮ್ಯಾಚ್‌ಗಳು ಮಧ್ಯಾಹ್ನ 1 ಗಂಟೆಗೆ ಶುರು, ಮೂರು ಗಂಟೆಗಿಂತ ಹೆಚ್ಚು ಹೊತ್ತು ನಡೆಯುತ್ತವೆ. 12 ಗಂಟೆಯೊಳಗೆ ಹೋದರೆ ದೊಡ್ಡ ಪರದೆಯ ಎದುರು ಟೀಮಿಗೆಲ್ಲ ಒಟ್ಟಿಗೆ ಜಾಗ ಸಿಗುತ್ತದೆ. ನೀವಿಬ್ಬರೂ ಹನ್ನೊಂದಕ್ಕೆ ಊಟ ಮುಗಿಸಿ, ಹನ್ನೊಂದೂವರೆಗೆ ಮನೆ ಬಿಡಿ. ಒಳಗೆ ಗಲಾಟೆ ಶುರುವಾಗುವ ಮೊದಲು, ಸರ್ವರ್‌ಗೆ ಇನ್ನೂ ಬಿಡುವಿರುವಾಗಲೇ, ಫ್ರೈಯರ್ ಬಗ್ಗೆ ಕೇಳಿಬಿಡಿ.